ಹೆಲ್ಮೆಟ್ಟಿನ ಮೇಲೆ 1417

ಪೆರುಮಾಳ್ ಹತ್ತಿರ ತಾನು ಚಿತ್ರ ಬಿಡಿಸಿದ ಕಾಮಿಕ್ಸ್ ಪುಸ್ತಕಗಳ ಒಂದು ಪ್ರತಿಯೂ ಇಲ್ಲ. ಒಂದು ಹಾಳೆಯೂ ಇಲ್ಲ, ಕಿಟಕಿಯಾಚೆ ಚಿನ್ನದ ಗಣಿಯ ಸಯನೈಡ್ ದಿಬ್ಬ ನಿಧಾನಕ್ಕೆ ಹಿಂದೆ ಸರಿಯುತ್ತಿದೆ, ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಊರ್‌ಗಾಂ ಬಿಟ್ಟು ಐದು ನಿಮಿಷವಾಯಿತು, ಕೋರಮಂಡಲ್ ಇನ್ನೂ ಬಂದಿಲ್ಲ, ಈ ರೈಲಿಗೆ ಏನು ರೋಗ, ಇಳಿದು ಹಿಂದಿನಿಂದ ತಳ್ಳಿಬಿಡಲೇ ಅನ್ನಿಸುತ್ತಿದೆ, ಬಂಗಾರಪೇಟೆ ಮುಟ್ಟಿದ ತಕ್ಷಣ ಹಾಸ್ಟೆಲ್ಲಿಗೆ ಓಡಬೇಕು, ಲೈಬ್ರರಿ ಬೀಗ ತೆಗೆಸಬೇಕು, ಒಂಬತ್ತು ಹಳೇ ಸಂಚಿಕೆಗಳನ್ನೂ ಎತ್ತಿಕೊಳ್ಳಬೇಕು — ಸಿಕ್ಕಿಬಿಟ್ಟ ಕಣ್ಲಾ, ಸಿಕ್ಕಿಬಿಟ್ಟ, ಉಕ್ಕುಭೈರನನ್ನು ಬಿಡಿಸಿದವನು ಸಿಕ್ಕಿಬಿಟ್ಟ, ಎದುರಿನ ಹೆಂಗಸು ಮಡಿಲಲ್ಲಿ ಕೋಳಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ, ನಾನು ಬಾಯಿ ಬಿಟ್ಟು ನಕ್ಕಿರಬೇಕು, ನೋಡಲಿ ಬಿಡು. ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿ, ತಗಡಿನ ಮಾಡಿನ ಕೆಳಗೆ, ಕಾಲು ಚಾಚಿಕೊಂಡು ಕೂತಿದ್ದಾನೆ ಆತ, ಕೆಮ್ಮುತ್ತಾನೆ, ಬೀಡಿ ಸೇದುತ್ತಾನೆ, ಮತ್ತೆ ಕೆಮ್ಮುತ್ತಾನೆ, ಮೂವತ್ತು ವರ್ಷ ಭೂಮಿ ಒಳಗೆ ಇಳಿದು ಹತ್ತಿದ ಮನುಷ್ಯ, ನಾನು ಎಪ್ಪತ್ತಾರರ ಉಕ್ಕುಭೈರ ಅಂತ ಬಾಯಿ ತೆರೆದದ್ದೇ ತಡ, ಒಳಗಿನಿಂದ ಹೆಂಡತಿ ಮಾರಿಯಮ್ಮ, ಅಯ್ಯೋ ಕಡವುಳೇ, ಆ ಗೊಂಬೆ ಕತೆ ಕೇಳೋಕೆ ಒಬ್ಬ ಬಂದವ್ನಾ, ಇಪ್ಪತ್ತು ವರ್ಷದಿಂದ ನಾನೊಬ್ಳೇ ಕೇಳ್ತಾ ಇದೀನಿ, ನೀನೂ ವಸಿ ಕೇಳಪ್ಪಾ, ನನ್ನ ಕಿವಿಗೆ ರಜಾ ಸಿಗ್ಲಿ.

ಸುಮ್ಮನೆ ಸಿಕ್ಕಿದ್ದಲ್ಲ. ನಾನು ಕಂಡುಹಿಡಿದದ್ದು. ಹಳೇ ಸಂಚಿಕೆಗಳಲ್ಲಿ ಕತೆ ಯಾರದು, ಚಿತ್ರ ಯಾರದು ಅಂತ ಎಲ್ಲೂ ಅಚ್ಚಾಗಿಲ್ಲ, ಆದರೆ ಭೈರನ ಹೆಲ್ಮೆಟ್ಟಿನ ಮೇಲೆ, ದೀಪದ ಪಕ್ಕದಲ್ಲಿ, ಇರುವೆ ಗಾತ್ರದಲ್ಲಿ 1417, ಪ್ರತಿ ಸಂಚಿಕೆಯಲ್ಲೂ, ಮೊದಲು ಅಚ್ಚಿನ ಕಲೆ ಅಂದುಕೊಂಡಿದ್ದೆ, ಆಮೇಲೆ ರಸಾಯನಶಾಸ್ತ್ರದ ಪರೀಕ್ಷೆಗೆ ಓದಬೇಕಾದ ಒಂದು ವಾರ ಪೂರ್ತಿ ಅದನ್ನೇ ಹುಡುಕಿದೆ, ರೂಮಿನ ಆದಿನಾರಾಯಣ ಬೈದ, ಲೇ ಚಿಕ್ಕವೆಂಕಟಪ್ಪಾ, ನಿಮ್ಮಪ್ಪ ಕಾಮಸಮುದ್ರದಿಂದ ಬಸ್ಸಲ್ಲಿ ರಾಗಿ ಮೂಟೆ ಒತ್ಕೊಂಬಂದು ನಿನ್ನ ಇಲ್ಲಿ ಬಿಟ್ಟಿರೋದು ಗೊಂಬೆ ತಲೆ ಎಣಿಸೋಕಾ. ಬೈದವನೇ ದಾರಿ ತೋರಿಸಿದ. ಅವನ ಮಾವ ಗಣಿಯ ದೀಪದ ಕೋಣೆಯಲ್ಲಿದ್ದವರು, ಕೆಳಗಿಳಿಯುವವರ ಹಿತ್ತಾಳೆ ಬಿಲ್ಲೆ ಇಸಿದುಕೊಂಡು ದೀಪ ಕೊಡುವ ಕೆಲಸ, ಒಬ್ಬೊಬ್ಬನಿಗೆ ಒಂದೊಂದು ನಂಬರು, ಪಾಳಿ ಮುಗಿದಾಗ ಮೊಳೆಯಲ್ಲಿ ಬಿಲ್ಲೆ ಉಳಿದರೆ ಅವನು ಇನ್ನೂ ಕೆಳಗೇ ಇದ್ದಾನೆ ಅಂತ ಲೆಕ್ಕ. ಅವರಿಗೆ ಹೆಸರು ಮರೆತಿತ್ತು, ನಂಬರು ಮರೆತಿರಲಿಲ್ಲ, ಹದಿನಾಲ್ಕು ಹದಿನೇಳು ಅಂದ್ರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೊಂಬೆ ಬರೀತಿದ್ದೋನು, ಅವನ ಎಸರು ಏನೋ, ಹಾಂ, ಪೆರುಮಾಳ್. ಅಷ್ಟೇ ಸಾಕಾಯಿತು, ಇವತ್ತು ಭಾನುವಾರ ಬೆಳಿಗ್ಗೆಯ ರೈಲು ಹತ್ತಿದೆ.

ಕೋರಮಂಡಲ್ ಬಂತು, ಇಬ್ಬರು ಇಳಿದರು, ನಾಲ್ವರು ಹತ್ತಿದರು, ಹೊರಡಪ್ಪಾ. ಪೆರುಮಾಳನ ಮುಂದೆ ಹೊಸ ಸರಣಿಯ ಒಂಬತ್ತನೇ ಸಂಚಿಕೆ ಇಟ್ಟೆ, ಸ್ಟೇಷನ್ನಿನ ಅಂಗಡಿಯಲ್ಲಿ ನನಗಾಗಿಯೇ ಎರಡನೇ ಪ್ರತಿ ಕೊಂಡದ್ದು, ಮೊದಲನೆಯದು ಹಾಸ್ಟೆಲ್ಲಿನಲ್ಲಿದೆ. ಹೊಸ ಉಕ್ಕುಭೈರ. ಹೋದ ವರ್ಷ ಬೆಂಗಳೂರಿನ ಬೇರೆ ಪ್ರಕಾಶಕರು ಹೆಸರು ಕೊಂಡುಕೊಂಡು ಮತ್ತೆ ಒಂದನೇ ಸಂಚಿಕೆಯಿಂದ ಶುರು ಮಾಡಿದರು, ಹುಟ್ಟಿನಿಂದ ಮತ್ತೆ, ಹಳೆಯದು ನಡೆದೇ ಇಲ್ಲ ಅನ್ನುವ ಹಾಗೆ. ಹಳೇ ಭೈರ ಗಣಿಯಲ್ಲಿ ಮರದ ದಿಮ್ಮಿ ಆಸರೆ ಕೊಡುವ ಕೂಲಿ, ಹಾರಲು ಬಾರದು, ಅವನಿಗಿದ್ದ ಶಕ್ತಿ ಒಂದೇ, ಬಂಡೆಗೆ ಕಿವಿ ಕೊಟ್ಟರೆ ಅದು ಯಾವಾಗ ಸಿಡಿಯುತ್ತದೆ ಅಂತ ಕೇಳಿಸುತ್ತದೆ, ಅಷ್ಟೇ, ಅಷ್ಟಕ್ಕೇ ನನ್ನ ಮೈ ಜುಂ ಅನ್ನುತ್ತಿತ್ತು. ಹೊಸಬ ವಿಜ್ಞಾನಿಯ ಮಗ, ಆಸಿಡ್ ತೊಟ್ಟಿಗೆ ಬೀಳುತ್ತಾನೆ, ಏಳುತ್ತಾನೆ, ಹಾರುತ್ತಾನೆ, ಬೆನ್ನಿಗೆ ಕೆಂಪು ದುಪ್ಪಟಿ, ತೋಳು ಕುಂಬಳಕಾಯಿ, ಹೆಲ್ಮೆಟ್ ಮಾಯ, ಹೆಲ್ಮೆಟ್ ಇದ್ದರೆ ಕ್ರಾಪು ಕಾಣುವುದಿಲ್ಲವಲ್ಲ. ಗಣಿ ಬರುವುದು ಎರಡೇ ಪುಟ, ಅದೂ ವಿಲನ್ ಸೀಸದ ಸಾಹುಕಾರನ ಅಡಗುದಾಣ, ಗೋಡೆ ತುಂಬ ಬಂಗಾರದ ಗಟ್ಟಿ ಫಳಫಳ. ಪೆರುಮಾಳ್ ಆ ಪುಟ ನೋಡಿ ನಕ್ಕ ನಗುವಿಗೆ ಕೆಮ್ಮು ಹತ್ತಿ ಎರಡು ನಿಮಿಷ ನಿಲ್ಲಲಿಲ್ಲ. ತಂಬೀ, ಮೂವತ್ತು ವರ್ಷ ಕೆಳಗೆ ಇಳ್ದೆ, ಬಂಗಾರ ಕಣ್ಣಲ್ಲಿ ಕಂಡಿಲ್ಲ, ಬರೀ ಬೂದು ಕಲ್ಲು, ಇವ್ರಿಗೆ ಎಲ್ಲಿ ಕಾಣಿಸ್ತು. ಆಮೇಲೆ ಹೊಸ ಭೈರನ ಮುಖವನ್ನು ದೂರ ಹಿಡಿದು, ಹತ್ತಿರ ಹಿಡಿದು, ಇವನ್ಯಾಕೆ ಎಲ್ಲಾ ಪುಟದಲ್ಲೂ ಒಟ್ಟೆ ನೋವು ಬಂದೋನ ತರಾ ಅಲ್ಲು ಕಡೀತಾ ನಿಂತವ್ನೆ, ಕಕ್ಕಸ್ ಸಿಗ್ಲಿಲ್ವಾ. ಮಾರಿಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ನಾನೂ ನಕ್ಕೆ.

ಆದರೆ ಸುಳ್ಳು ಹೇಳಬಾರದು, ಹಳೆಯದೆಲ್ಲ ಒಳ್ಳೆಯದು ಅಂತ ಭಜನೆ ಮಾಡುವವನು ನಾನಲ್ಲ. ಹಳೇ ಆರನೇ ಸಂಚಿಕೆ ಕಸ, ಹೆಂಗಸರೆಲ್ಲರಿಗೂ ಒಂದೇ ಮುಖ, ಅಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಏಳರಲ್ಲಿ ಸತ್ತ ಮೇಸ್ತ್ರಿ ಎಂಟರಲ್ಲಿ ಬಂದು ಟೀ ಕುಡಿಯುತ್ತಾನೆ, ಕಾರಣ ಹೇಳುವುದಿಲ್ಲ. ಪೆರುಮಾಳನನ್ನು ಅದನ್ನೇ ಕೇಳಿಬಿಟ್ಟೆ, ಮುಖಕ್ಕೇ. ಕತೆ ಅಚ್ಚು ಆಕೋರು ಕಳಿಸ್ತಿದ್ರು, ನಾನು ಬರೀ ಗೊಂಬೆ, ಅವ್ನು ಸತ್ತಿದ್ದು ನಂಗೂ ಮರ್ತೋಗಿತ್ತು ಅಂದ. ಭೈರನ ಪಾದ ಯಾಕೆ ಎಲ್ಲೂ ಕಾಣುವುದಿಲ್ಲ, ಯಾವಾಗಲೂ ಕಲ್ಲುರಾಶಿಯಲ್ಲೋ ನೀರಿನಲ್ಲೋ ಮುಳುಗಿರುತ್ತದೆ, ಅದರಲ್ಲೇನಾದರೂ ಅರ್ಥವಿದೆಯೇ ಅಂದೆ, ನಾನು ಅದರ ಬಗ್ಗೆ ಎರಡು ಪುಟ ಟಿಪ್ಪಣಿ ಬರೆದಿಟ್ಟಿದ್ದೆ, ದುಡಿಮೆಗಾರ ಭೂಮಿಯಲ್ಲಿ ಹೂತುಹೋಗಿರುವುದು ಇತ್ಯಾದಿ. ಕಾಲು ಬರಲ್ಲ ನಂಗೆ, ಅಂದ, ಕೈ ಬರ್ತದೆ, ಕಾಲು ಬರಲ್ಲ, ಅದ್ಕೆ ಕಲ್ಲು ಆಕ್ತಿದ್ದೆ. ಟಿಪ್ಪಣಿ ಹರಿದುಹಾಕಬೇಕು. ಹೊಸ ನಾಲ್ಕನೇ ಸಂಚಿಕೆಯ ಬಗ್ಗೆ ಹೇಳಿದೆ, ಅದೊಂದು ಚೆನ್ನಾಗಿದೆ, ಮುದುಕ ಕಾವಲುಗಾರ ಭೈರನಿಗೆ ಹೆದರದೆ ಗೇಟು ಪಾಸು ಕೇಳುವ ಭಾಗ, ಒಪ್ಪಲೇಬೇಕು, ಬಣ್ಣವೂ ಚೆನ್ನ, ಪಾದವೂ ಇದೆ, ಹತ್ತೂ ಬೆರಳು ಸರಿಯಾಗಿವೆ. ಹಾಗಂದಾಗ ಆತನಿಗೆ ಕೋಪ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಒಂಬತ್ತನೆಯದರಲ್ಲಿ ಕಾಲು ಹುಡುಕಿ, ಹೆಬ್ಬೆರಳಿನಿಂದ ಸವರಿ, ನಲ್ಲಾ ಇರುಕ್ಕು, ಚೆನ್ನಾಗೈತೆ, ಎಂಗೆ ಬರೀತಾರೋ ಅಂದ.

ಕೊನೆಯ ಪುಟದಲ್ಲಿದ್ದ ಪ್ರಕಾಶಕರ ಪ್ರಕಟಣೆ ಓದಿ ಹೇಳಿದೆ, ಆತನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ನಿಧಾನ. ಮೂಲ ಸರಣಿಯ ಚಿತ್ರಕಾರರು ಯಾರೆಂದು ನಮಗೆ ತಿಳಿಯದು, ಹಳೆಯ ಸಂಚಿಕೆಗಳೂ ನಮ್ಮಲ್ಲಿಲ್ಲ, ಬಲ್ಲವರು ಸಂಚಿಕೆಗಳ ಸಮೇತ ಪುರಾವೆ ಒದಗಿಸಿದಲ್ಲಿ ಹತ್ತನೇ ಸಂಚಿಕೆಯಿಂದ ಅವರ ಹೆಸರನ್ನು ಅಚ್ಚು ಮಾಡುತ್ತೇವೆ. ಮತ್ತೊಮ್ಮೆ ಓದು ಅಂದ. ಓದಿದೆ. ಹೆಸರು ಯಾಕೆ ಹಾಕಿಸಲಿಲ್ಲ ಅಣ್ಣಾ ಅಂದರೆ, ಕಂಪನಿ ಆಳು ಒರಗಡೆ ಕೆಲಸ ಮಾಡಂಗಿಲ್ಲ, ಗೊತ್ತಾದ್ರೆ ಮನೆಗೆ ಕಳಿಸ್ತಿದ್ರು, ಅದ್ಕೆ ನಾನೇ ಬೇಡ ಅಂದೆ, ಆದ್ರೂ ಮನಸ್ಸು ಕೇಳ್ಬೇಕಲ್ಲ, ನಂಬರು ಆಕ್ದೆ, ಲೈನ್ ಜನಕ್ಕೆ ಮಾತ್ರ ಗೊತ್ತಾಗ್ಲಿ ಅಂತ. ಪುಸ್ತಕ ಎಲ್ಲಿ ಅಂದೆ. ಮಾರಿಯಮ್ಮ ಹೇಳಿದರು, ಒಂದೊಂದು ಸಲ ಒಂದೊಂದು ಬರೋದು ಪೋಸ್ಟಲ್ಲಿ, ಓದಿ ಕೊಡ್ತೀನಿ ಅಂತ ಪಕ್ಕದ ಮನೆಗೆ, ಅಲ್ಲಿಂದ ಆಚೆ ಮನೆಗೆ, ಎಷ್ಟು ಮನೆ ಅವೆ ಈ ಲೈನಲ್ಲಿ, ಕೇಳೋಕೆ ಆಗ್ತದಾ. ಬಿಲ್ಲೆ ನಿವೃತ್ತಿಯ ದಿನ ವಾಪಸ್ಸು ಕೊಟ್ಟಾಗಿದೆ, ಆದರೆ ನಿವೃತ್ತಿ ಕಾಗದದಲ್ಲಿ ನಂಬರು ಇದೆ, ನೋಡಿದೆ, ಪೆರುಮಾಳ್, 1417, ಮೊಹರು ಸಮೇತ. ಈ ಕಾಗದದ ಪಕ್ಕದಲ್ಲಿ ಹಳೇ ಸಂಚಿಕೆ ಇಟ್ಟರೆ ಮುಗಿಯಿತು, ಯಾವ ಸಂಪಾದಕನೂ ಉಸಿರೆತ್ತುವಂತಿಲ್ಲ. ಹಳೆಯದು ಹಾಸ್ಟೆಲ್ಲಿನಲ್ಲಿ ಒಂಬತ್ತೂ ಇದೆ ಅಣ್ಣಾ, ನಾಳೆಯೇ ತರುತ್ತೇನೆ ಅಂದೆ. ಆತನ ಬೀಡಿ ಆರಿಹೋಗಿತ್ತು, ಹಚ್ಚಲಿಲ್ಲ, ಬಾಗಿಲ ತನಕ ಗೋಡೆ ಹಿಡಿದುಕೊಂಡು ಬಂದ. ನಿಜವಾಗ್ಲೂ ಅವ್ಯಾ, ಅಂದ. ಅವೆ ಅಂದೆ.

ಬಂಗಾರಪೇಟೆ. ರೈಲು ನಿಲ್ಲುವ ಮೊದಲೇ ಇಳಿದೆ, ಮುಗ್ಗರಿಸಿದೆ, ಸಂತೆ ಬೀದಿಯಲ್ಲಿ ಸೈಕಲ್ಲಿನವನೊಬ್ಬ ಬೈದ, ಈ ಹಳೇ ಒಂಬತ್ತು ಬೇರೆಲ್ಲೂ ಸಿಗುವುದಿಲ್ಲ, ಕೋಲಾರದ ಹಳೇ ಪುಸ್ತಕದಂಗಡಿ, ಚಿಂತಾಮಣಿ, ಬೆಂಗಳೂರಿನ ಫುಟ್‌ಪಾತು, ಎರಡು ವರ್ಷ ಹುಡುಕಿದ್ದೇನೆ, ಪುಣ್ಯಾತ್ಮ ಯಾವನೋ ಹಳೇ ವಿದ್ಯಾರ್ಥಿ ನಮ್ಮ ಲೈಬ್ರರಿಗೆ ಬಿಟ್ಟುಹೋಗಿದ್ದಾನೆ. ಹೊರಗೆ ಒಯ್ಯುವಂತಿಲ್ಲ ಅಂತ ವಾರ್ಡನ್ ಶ್ರೀರಾಮಪ್ಪನವರ ನಿಯಮ, ಅದಕ್ಕೇ ಅಲ್ಲವೇ ಮೊನ್ನೆ ಶುಕ್ರವಾರ ನನ್ನ ಹೊಸ ಒಂಬತ್ತನ್ನೂ ಲೈಬ್ರರಿಗೆ ಕೊಟ್ಟದ್ದು, ಹಳೆಯದರ ಪಕ್ಕದಲ್ಲಿಟ್ಟು ಪುಟಕ್ಕೆ ಪುಟ ಹೋಲಿಸಿ ಬರೆಯಬೇಕು ಅಂತ, ವಾರ್ಡನ್ ಬೆನ್ನು ತಟ್ಟಿದ್ದರು, ಈಗ ಕಾಲಾದರೂ ಹಿಡಿದು ಒಂದು ದಿನದ ಮಟ್ಟಿಗೆ ಕೇಳಬೇಕು, ಕೊಡುತ್ತಾರೆ, ಕೊಡದಿದ್ದರೆ ಅಂಗಿಯೊಳಗೆ ಸೇರಿಸಿಕೊಂಡು ಹೋಗುತ್ತೇನೆ, ಕಳ್ಳತನವೇ ಸರಿ. ಲೈಬ್ರರಿಯ ಬಾಗಿಲು ತೆರೆದೇ ಇದೆ, ವಾರ್ಡನ್ ಒಳಗೇ ಕೂತಿದ್ದಾರೆ, ಎದುರಿಗೆ ರಿಜಿಸ್ಟರು, ಸ್ಕೇಲು, ಕೆಂಪು ಪೆನ್ನು, ನಾಳೆ ತನಿಖೆಯಂತೆ. ಕಪಾಟಿನಲ್ಲಿ ಹೊಸ ಒಂಬತ್ತು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಪಂಚಾಂಗ. ಕೆಳಗೆ ನೋಡಿದೆ, ಹಿಂದೆ ಕೈ ಹಾಕಿದೆ, ಧೂಳು. ಸಾರ್, ಹಳೇ ಉಕ್ಕುಭೈರ?

ಯಾವ್ದುಲಾ ಹಳೇದು, ಅಂದರು, ತಲೆ ಎತ್ತಲಿಲ್ಲ, ಒಂದು ಎಸರು, ಒಂದರಿಂದ ಒಂಬತ್ತು ನಂಬರು, ಎರಡು ಕಡೆ ಎಂಟ್ರಿ ಐತೆ, ಒಂದೇ ಪುಸ್ತಕ ಎರಡು ಸಲ ತೋರ್ಸವ್ನೆ ಅಂತ ಆಫೀಸರು ನನ್ನ ಕುತ್ತಿಗೆ ಇಡೀತಾನೆ, ಅರಿದೋಗಿದ್ದು ವಜಾ ಮಾಡ್ದೆ, ನೀನು ಕೊಟ್ಟ ಒಸಾದು ಇಟ್ಕೊಂಡೆ, ಖುಷಿ ಪಡು. ಒಂದೇ ಅಲ್ಲ ಸಾರ್ ಅವು. ಎಸರು ಒಂದೇ ಐತಲ್ಲೋ, ನಂಬರು ಒಂದೇ ಐತಲ್ಲೋ, ಇನ್ನೇನು ಬೇರೆ ಇರ್ತದೆ, ನೀನೇ ಬರ್ದಿರೋದು, ನೋಡು. ರಿಜಿಸ್ಟರು ನನ್ನ ಕಡೆ ತಿರುಗಿಸಿದರು. ನನ್ನದೇ ಅಕ್ಷರ, ದುಂಡಗೆ, ಶುಕ್ರವಾರದ್ದು, ಉಕ್ಕುಭೈರ 1 ರಿಂದ 9, ಹೊಸ ಸರಣಿ ಅಂತ ಎರಡು ಪದ ಸೇರಿಸಿದ್ದರೆ, ಸೇರಿಸಲಿಲ್ಲ, ಒಂಬತ್ತಕ್ಕೆ ಒಂಬತ್ತು ಸಮವಾಯಿತು ಅನ್ನುವ ಸಂಭ್ರಮದಲ್ಲಿದ್ದೆ, ನಾಲ್ಕು ಪುಟ ಹಿಂದೆ ಹಳೆಯ ಒಂಬತ್ತು ಸಾಲು, ಅದರ ಮೇಲೆ ಸ್ಕೇಲು ಇಟ್ಟು ಎಳೆದ ಕೆಂಪು ಗೆರೆ, ನೇರವಾದ ಗೆರೆ. ಎಲ್ಲಿ ಹಾಕಿದಿರಿ ಸಾರ್, ರದ್ದಿ ಅಂಗಡಿಗಾ, ಈಗಲೇ ಓಡುತ್ತೇನೆ. ರದ್ದಿಗೆ ಯಾಕೆ ಆಕ್ಲಿ, ಸರ್ಕಾರಿ ಪುಸ್ತಕ ಮಾರ್ಕೊಂಡ ಅಂತ ಮಾತು ಬರ್ಲಿ ಅಂತಾನಾ, ವಜಾ ಮಾಡಿದ್ದು ಸುಡ್ಬೇಕು ಅಂತ ರೂಲ್ಸ್ ಐತೆ, ಬೆಳಿಗ್ಗೆ ನೀರೊಲೆಗೆ ಕೊಟ್ಟೆ, ಸೌದೆ ಅಸೀದು, ಚೆನ್ನಾಗಿ ಅತ್ಕೊಂತು.

ಭಾನುವಾರದ ನೀರು. ಎರಡು ಬಕೆಟ್ ಹೊಯ್ದುಕೊಂಡೆ ನಾನು ಬೆಳಿಗ್ಗೆ, ಆದಿನಾರಾಯಣನ ಪಾಲಿನದರಲ್ಲೂ ಒಂದು ಚೊಂಬು ಕದ್ದೆ, ಇವತ್ತೇನು ಇಷ್ಟು ಕಾದಿದೆ ಅಂದುಕೊಂಡೆ, ತಲೆ ಒರೆಸಿಕೊಂಡು ರೈಲಿಗೆ ಓಡಿದೆ, ಈಗ ಹಿತ್ತಲಿಗೆ ಬಂದಿದ್ದೇನೆ, ಒಲೆಯ ಬಾಯಲ್ಲಿ ಕಡ್ಡಿ ಆಡಿಸುತ್ತಿದ್ದೇನೆ, ಬೂದಿ, ಸ್ಟೇಪಲ್ ಪಿನ್ನುಗಳು, ಕಪ್ಪಗೆ, ಜೋಡಿ ಜೋಡಿ, ಹಾಳೆ ಒಂದೂ ಇಲ್ಲ, ಆದಿನಾರಾಯಣ ಹಿಂದೆ ಬಂದು ನಿಂತ, ಏನ್ಲಾ ಉಡುಕ್ತಿದೀಯಾ ಅಂದ, ನಾಳೆ ಪೆರುಮಾಳನ ಹತ್ತಿರ ಹೋಗಬೇಕು, ಏನಂತ ಹೇಳುವುದು, ಹೊಸದರಲ್ಲಿ ಹೆಲ್ಮೆಟ್ಟೇ ಇಲ್ಲ, ನಂಬರು ಇರುವ ಕಾಗದ ಒಂದೇ ಇಟ್ಟುಕೊಂಡು ಏನು ಮಾಡುವುದು, ಯಾವ ತಲೆಯ ಪಕ್ಕದಲ್ಲಿ ಇಡುವುದು, ಕೆಂಪು ಗೆರೆ, ಶ್ರೀರಾಮಪ್ಪನವರ ಕೈ ನಡುಗುವುದಿಲ್ಲ, ಸ್ಕೇಲು ಸರಿದಿಲ್ಲ, ನಿಜವಾಗ್ಲೂ ಅವ್ಯಾ, ಅವೆ ಅಂದೆ, ಅಂದಾಗ ಇರಲಿಲ್ಲ, ಕೆಂಪು ಗೆರೆ, ಒಂದನೇ ಸಾಲಿನಿಂದ ಒಂಬತ್ತನೇ ಸಾಲಿನವರೆಗೆ, ಪಿನ್ನು ಎಣಿಸುತ್ತಿದ್ದೇನೆ, ಹದಿನೆಂಟು, ಕೆಂಪು ಗೆರೆ. ಒಂಬತ್ತು ಸಂಚಿಕೆ, ಒಂದೊಂದಕ್ಕೆ ಮೂವತ್ತೆರಡು ಪುಟ, ಒಟ್ಟು ಇನ್ನೂರ ಎಂಬತ್ತೆಂಟು ಪುಟ.