ಒಂದೇ ಬದಿ ಎತ್ತರವಾದ ಜೀಪು

ಸ್ಪ್ಯಾನರ್ ಜಾರಿ ಅಣ್ಣನ ಮುಷ್ಟಿ ಜೀಪಿನ ಚಾಸಿಯ ಅಂಚಿಗೆ ಬಡಿಯಿತು. ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂತು.  ಅವನು ಅದೇ ಸ್ಪ್ಯಾನರಿನಿಂದ, ನಟ್ಟು ಬೇಕೆಂದೇ ತನಗೆ ಹೀಗೆ ಮಾಡಿತು ಎಂಬಂತೆ, ಅದರ ತಲೆಯ ಮೇಲೆ ಬಾರಿಸತೊಡಗಿದ. ತುಕ್ಕಿನ ಪುಡಿ ಉದುರಿ, ಪಕ್ಕದಲ್ಲಿ ಬಗ್ಗಿ ಬೋಲ್ಟು ಹಿಡಿದಿದ್ದ ತಮ್ಮನ ಕಣ್ಣಿಗೆ ಬಿತ್ತು.

"ಸರಿಯಾಗಿ ಹಿಡ್ಕೊ ಅಂದ್ನಲ್ಲ, ಕೈಯಲ್ಲಿ ಜೀವ ಇಲ್ವಾ ನಿಂಗೆ?"

"ಹಿಡ್ದೇ ಇದ್ದೆ ಅಣ್ಣ. ನಟ್ಟು ಸವೆದುಹೋಗಿದೆ."

"ನಿನ್ನ ತಲೆ ಸವೆದುಹೋಗಿದೆ. ಡೀಸೆಲ್ ಹಾಕು ಅದಕ್ಕೆ. ನೆನೀಲಿ."

ಜೀಪು ತಮ್ಮನಿಗಿಂತ ಹಳೆಯದು. ಬ್ರೇಕ್ ಒತ್ತಿದರೆ ಸ್ವಲ್ಪ ಯೋಚನೆ ಮಾಡಿ ಆಮೇಲೆ ನಿಲ್ಲುವಂಥದ್ದು. ಆದರೆ ಗುಡ್ಡದ ತುದಿಯಲ್ಲಿರುವ ಮೊಬೈಲ್ ಟವರಿನ ಜನರೇಟರಿಗೆ ಡೀಸೆಲ್ ಕ್ಯಾನುಗಳನ್ನು ಹೊತ್ತು ಹತ್ತುವ ಗಾಡಿ ಆ ಸುತ್ತಿನಲ್ಲಿ ಅದೊಂದೇ. ಅಣ್ಣನ ಸಂಸಾರ ನಡೆಯುತ್ತಿದ್ದುದೂ ಅದರಿಂದಲೇ. ಗುಡ್ಡದ ದಾರಿ ಕೊಚ್ಚಿಹೋಗಿ ಬರೀ ಬಂಡೆ ಉಳಿದ ಮೇಲೆ ಜೀಪಿನ ಹೊಟ್ಟೆ ನೆಲಕ್ಕೆ ಉಜ್ಜತೊಡಗಿತ್ತು. ಹಿಂದಿನ ವಾರ ಒಂದು ಚೂಪುಗಲ್ಲು ಆಯಿಲ್ ಚೇಂಬರನ್ನೇ ಸೀಳಿತು; ಅದಕ್ಕೆ ಬೆಸುಗೆ ಹಾಕಿಸಿದ್ದಾಯಿತು. ಗಾಡಿಯನ್ನು ಎತ್ತರಿಸದೆ ಬೇರೆ ದಾರಿ ಇರಲಿಲ್ಲ.

ಗ್ಯಾರೇಜಿನವನು ಹೇಳಿದ ದುಡ್ಡು ಕೇಳಿ ಅಣ್ಣ ಮಾತಾಡದೆ ಎದ್ದುಬಂದಿದ್ದ. ಗುಜರಿಯಿಂದ ಸತ್ತ ವ್ಯಾನೊಂದರ, ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳನ್ನು ತಂದ. ಒಂದೊಂದು ಚಕ್ರದ ಕಮಾನಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸುವುದು, ಕಮಾನಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ಲುಗಳನ್ನು ಉದ್ದ ಮಾಡುವುದು, ಇಷ್ಟೇ ಉಪಾಯ. ತಮ್ಮ ಗೇಟು ಗ್ರಿಲ್ಲು ಮಾಡುವ ಅಂಗಡಿಯಲ್ಲಿ ವೆಲ್ಡರ್. ದಪ್ಪ ತಗಡು ಕತ್ತರಿಸಿ, ತೂತು ಕೊರೆದು, ಶ್ಯಾಕಲ್ಲುಗಳನ್ನು ಅವನೇ ಮಾಡಿಕೊಂಡು ಬಂದಿದ್ದ. ರಜೆಯ ದಿನ ಬೆಳಿಗ್ಗೆಯೇ ಇಬ್ಬರೂ ಹಿತ್ತಿಲಿನಲ್ಲಿ ಕೆಲಸ ಶುರು ಮಾಡಿದ್ದರು. ಹಿಂದಿನ ಎಡಬದಿಯ ಕಮಾನು ಮುಗಿದಿತ್ತು. ಬಲಬದಿಯ ಚಕ್ರ ಬಿಚ್ಚಿ ಜಾಕಿನ ಮೇಲೆ ನಿಲ್ಲಿಸಿದ್ದರು.

ನಟ್ಟು ನೆನೆಯುವಷ್ಟರಲ್ಲಿ ಎಡಗಡೆಯ ಶಾಕ್ ಅಬ್ಸಾರ್ಬರ್ ಸೇರಿಸಿಬಿಡೋಣವೆಂದು ತಮ್ಮ ಅಂಗಾತ ಮಲಗಿ ಅಡಿಗೆ ನುಸುಳಿದ. ಅದರ ಕೆಳತುದಿಯ ಬಳೆಯನ್ನು ಹಿಡಿದು ಎಳೆದ. ಪಿನ್ನಿಗೆ ಎಟುಕಲಿಲ್ಲ. ಕಾಲು ಊರಿ ಮತ್ತೆ ಎಳೆದ. ಎರಡು ಬೆರಳಿನಷ್ಟು ದೂರ ಉಳಿಯಿತು. ವ್ಯಾನಿನ ಪಟ್ಟಿ ಅವರು ಎಣಿಸಿದ್ದಕ್ಕಿಂತ ಬಿರುಸಾಗಿತ್ತು; ಗಾಡಿ ಬೇಕಾದ್ದಕ್ಕಿಂತ ಎತ್ತರಕ್ಕೆ ಎದ್ದು ಕೂತಿತ್ತು.

"ಅಣ್ಣ, ಶಾಕ್ ಗಿಡ್ಡ ಆಗ್ತಿದೆ."

ಜೀಪಿನ ಪಕ್ಕ ಅಣ್ಣನ ಬೂಟುಗಳ ಓಡಾಟ ನಿಂತಿತು. ಅಣ್ಣ ಸುಮ್ಮನಾದರೆ ಏನೆಂದು ತಮ್ಮನ ಮೈಗೆ ಗೊತ್ತಿತ್ತು. ಅಡಿಯಲ್ಲಿ ಮಲಗಿದ್ದಲ್ಲೇ ಕಾಲುಗಳನ್ನು ಒಳಗೆಳೆದುಕೊಂಡ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಮೀಸೆ ಚಿಗುರುವ ವಯಸ್ಸಿಗೇ ಅಣ್ಣ ಸ್ಟೇರಿಂಗ್ ಹಿಡಿದು ತಮ್ಮನನ್ನು ಸಾಕಿದ. ಹೊಡೆಯುತ್ತಿದ್ದ, ಹೊಡೆದ ಕೈಯಿಂದಲೇ ಉಣಿಸುತ್ತಿದ್ದ. ಬೆಲ್ಟಿನ ಬಾಸುಂಡೆ ಆರುವ ಮುಂಚೆ ಹೊಸ ಅಂಗಿ ತರುತ್ತಿದ್ದ. ಅತ್ತಿಗೆ ಬಂದ ಮೇಲೆ ಆ ಬಾಸುಂಡೆಗಳಿಗೆ ಎಣ್ಣೆ ಸವರುವ ಕೈಯೊಂದು ಮನೆಯಲ್ಲಿ ಆಯಿತು. ಏಟು ಇಬ್ಬರಿಗೂ ಹಂಚಿಹೋಯಿತು. ತಮ್ಮ ಬೆಳೆದು ಅಣ್ಣನ ಭುಜ ಮೀರಿದ ಮೇಲೆ ಅವನ ಪಾಲೂ ಅತ್ತಿಗೆಗೇ ಸೇರಿತು. ಅದು ಅವನಿಗೆ ತಿಳಿಯದ್ದಲ್ಲ. ಗೋಡೆಯಾಚೆಯ ಸದ್ದು ಕೇಳಿಸಿಕೊಂಡೇ ಮಗ್ಗುಲಾಗುತ್ತಿದ್ದ. ಬೆಳಿಗ್ಗೆ ಅವಳು ಬಡಿಸಿದ್ದನ್ನು ತಲೆ ಎತ್ತದೆ ಉಂಡು ಕೆಲಸಕ್ಕೆ ಹೋಗುತ್ತಿದ್ದ.

"ಗಿಡ್ಡ ಆಗ್ತಿದೆಯಂತೆ," ಎಂದ ಅಣ್ಣ ಕೊನೆಗೆ. ದನಿ ತಣ್ಣಗಿತ್ತು. "ಅಳತೆ ತಗೊಂಡಿದ್ದು ಯಾರು?"

"ಪಟ್ಟಿ ಇಷ್ಟು ಏಳುತ್ತೆ ಅಂತ ನಂಗೇನು ಗೊತ್ತು? ಮೇಲ್ಗಡೆ ಒಂದು ತುಂಡು ವೆಲ್ಡ್ ಮಾಡಿ ಕೊಡ್ತೀನಿ, ಸರಿಹೋಗುತ್ತೆ."

"ನಾಳೆ ಬೆಳಿಗ್ಗೆ ಲೋಡ್ ಇದೆ. ನಿನ್ನ ವೆಲ್ಡಿಂಗಿಗೆ ಕಾಯ್ತಾ ಕೂತ್ಕೊಳ್ಲಾ?"

ಅಷ್ಟರಲ್ಲಿ ಅತ್ತಿಗೆಯ ದನಿ ಕೇಳಿಸಿತು. ಟೀ ತಂದಿದ್ದಳು. "ಕುಡ್ದು ಮಾಡಿ," ಎಂದಳು. ಆಮೇಲೆ, ಅಂದದ್ದೇ ತಪ್ಪಾಯಿತೆಂಬಂತೆ ಮೆಲ್ಲಗೆ, "ಗ್ಯಾರೇಜಿನವರಿಗೇ ಕೊಟ್ಟಿದ್ರೆ ಈ ರಗಳೆ ಇರ್ತಿರ್ಲಿಲ್ಲ."

ತಮ್ಮನಿಗೆ ಕಂಡದ್ದು ಇಷ್ಟೇ: ಗಾಜಿನ ಲೋಟ ನೆಲಕ್ಕೆ ಬಿದ್ದು ಚೂರಾಯಿತು, ಟೀ ಮಣ್ಣಿನೊಳಗೆ ಇಂಗಿತು. ಏಟಿನ ಸದ್ದು ಅದಕ್ಕೂ ಮುಂಚೆಯೇ ಬಂದಿತ್ತು. ಬರಿಗೈಯ ಸದ್ದಲ್ಲ ಅದು. ಅಣ್ಣನ ಕೈಯಲ್ಲಿ ಸ್ಪ್ಯಾನರ್ ಇತ್ತು.  ಅತ್ತಿಗೆ ಕೂತು ಗಾಜಿನ ಚೂರು ಆಯತೊಡಗಿದಳು. ಅವಳ ತುಟಿಯಿಂದ ರಕ್ತ ತೊಟ್ಟಿಕ್ಕಿ ಆ ಚೂರುಗಳ ಮೇಲೆ ಬೀಳುತ್ತಿದ್ದುದು ಜೀಪಿನ ಅಡಿಯಿಂದ ಚೆನ್ನಾಗಿ ಕಾಣುತ್ತಿತ್ತು.

"ಅಣ್ಣ, ಸಾಕು ಮಾಡು," ಎಂದ ತಮ್ಮ. ಎಂದೂ ಆಡಿದ ಮಾತಲ್ಲ ಅದು. ಆಡಿದ ಮೇಲೆ ಅವನಿಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಏನಂದೆ?"

"ಸಾಕು ಅಂದೆ."

ಅವನು ಹೊರಗೆ ಜಾರುತ್ತಿದ್ದಂತೆಯೇ ಅಣ್ಣನ ಬೂಟು ಪಕ್ಕೆಗೆ ಬಿತ್ತು. "ಅಲ್ಲೇ ಬಿದ್ದಿರು. ಮಾತಾಡೋನಾಗ್ಬಿಟ್ಯಾ?" ಎರಡನೆಯ ಒದೆತಕ್ಕೆ ತಮ್ಮ ಆ ಕಾಲನ್ನೇ ಹಿಡಿದು ಎಳೆದ. ಅಣ್ಣ ಮುಗ್ಗರಿಸಿ ಜೀಪಿನ ಮೈಗೆ ಪೂರ್ತಿ ಭಾರ ಬಿಟ್ಟು ಬಿದ್ದ. ಜಾಕ್ ವಾಲಿತು. ಚಕ್ರವಿಲ್ಲದ ಬಲಬದಿ ದಡಾರನೆ ಕುಸಿದು, ಬ್ರೇಕ್ ಡ್ರಮ್ಮು ಮಣ್ಣಿನಲ್ಲಿ ಹೂತಿತು. ತಮ್ಮ ಹೊರಳಿ ಹೊರಬರುವುದು ಒಂದು ಉಸಿರಿನಷ್ಟು ತಡವಾಗಿದ್ದರೆ ಅವನ ತೊಡೆ ಅಡಿಯಲ್ಲಿರುತ್ತಿತ್ತು.

ಅಣ್ಣ ಎದ್ದಾಗ ಕೈಯಲ್ಲಿ ಸುತ್ತಿಗೆ ಇತ್ತು. ಬೆದರಿಸುವುದಕ್ಕಲ್ಲ, ಬೀಸಿಯೇ ಬಂದ. ತಲೆಗೆ ಬೀಳಬೇಕಾದದ್ದು ತಮ್ಮನ ಭುಜಕ್ಕೆ ಬಿತ್ತು. ಎಡಗೈ ಮರಗಟ್ಟಿ ಜೋತುಬಿತ್ತು. ಬಲಗೈ ನೆಲದಲ್ಲಿ ತಡಕಾಡಿ ಜಾಕಿನ ಸರಳನ್ನು ಹಿಡಿಯಿತು.

ಮೊದಲ ಏಟು ಅಣ್ಣನ ಮುಂಗೈಗೆ. ಒಣಸೌದೆ ಮುರಿದಂಥ ಸದ್ದಾಯಿತು, ಸುತ್ತಿಗೆ ಜಾರಿ ಬಿತ್ತು. ಅಲ್ಲಿಗೇ ಮುಗಿಯಬಹುದಿತ್ತು. ಅಣ್ಣ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಮಂಡಿಯೂರಿದ್ದ, ಬೈಗುಳ ನಿಂತಿತ್ತು. ತಮ್ಮ ಮತ್ತೆ ಹೊಡೆದ. ಬೆನ್ನಿಗೆ ಹೊಡೆದ, ತೊಡೆಗೆ ಹೊಡೆದ, ಬಿದ್ದವನ ಪಕ್ಕೆಗೆ ಹೊಡೆದ. "ಬೇಡ ಕಣೋ," ಎಂದು ಅಣ್ಣ ಅಂದದ್ದು ಕಿವಿಗೆ ಬಿತ್ತು. ಕೈ ನಿಲ್ಲಲಿಲ್ಲ. ಮೈಯೆಲ್ಲ ಹಗುರವಾಗಿತ್ತು, ಸರಳು ಮೇಲಕ್ಕೆ ಹೋಗಿ ಕೆಳಕ್ಕೆ ಬರುವುದು ಹಿತವಾಗಿತ್ತು. ಆ ಹಿತವನ್ನು ಮುಂದೆ ಎಂದೂ ಅವನಿಗೆ ಸುಳ್ಳೆಂದುಕೊಳ್ಳಲು ಆಗಲಿಲ್ಲ.

ಹಿಂದಿನಿಂದ ಯಾರೋ ಕೈ ಹಿಡಿದರು. "ಬಿಡೋ, ಸತ್ತೋಗ್ತಾರೆ, ಬಿಡೋ." ಯಾರೆಂದು ಅವನು ನೋಡಲಿಲ್ಲ. ಕೈ ಕೊಸರಿಕೊಂಡು ತಿರುಗಿ ಬೀಸಿದ.

ಸರಳು ಅತ್ತಿಗೆಯ ಕೆನ್ನೆಮೂಳೆಗೆ ತಗುಲಿತು.

ಅವಳು ನಿಂತಲ್ಲೇ ಕುಸಿದು, ಬಿಚ್ಚಿಟ್ಟಿದ್ದ ಚಕ್ರಕ್ಕೆ ಒರಗಿ ಕೂತಳು. ಕಣ್ಣಿನ ಕೆಳಗೆ ಚರ್ಮ ಬಿರಿದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.  ಒಂದು ಕೈ ಮುಖಕ್ಕೆ ಅಡ್ಡ ಹಿಡಿದು, ಬೆರಳ ಸಂದಿನಿಂದ ಅವನ ಕೈಯಲ್ಲಿದ್ದ ಸರಳನ್ನೇ ನೋಡುತ್ತಿದ್ದಳು. ಮುಂದಿನದು ಎಲ್ಲಿಗೆ ಬೀಳಬಹುದು ಎಂದು ಅಳೆಯುವ ನೋಟ. ಆ ನೋಟ ಅಣ್ಣನ ಮೇಲೆ ಇರುವುದನ್ನು ತಮ್ಮ ಬಹಳ ಸಲ ಕಂಡಿದ್ದ.

ಸರಳು ಕೈಯಿಂದ ಬಿತ್ತು.

"ಅತ್ತಿಗೆ, ನೋಡ್ಲಿಲ್ಲ ನಾನು. ನೀವು ಅಂತ ಗೊತ್ತಾಗ್ಲಿಲ್ಲ."

ಅವಳು ಸೆರಗನ್ನು ಗಾಯಕ್ಕೆ ಒತ್ತಿಕೊಂಡಳು. "ಅವರಿಗೆ ಉಸಿರು ಇದೆಯಾ ನೋಡು ಮೊದ್ಲು."

ಇತ್ತು. ಒಂದೊಂದು ಉಸಿರಿಗೂ ಅಣ್ಣ ನರಳುತ್ತಿದ್ದ. ತುಟಿ ಬೆಳ್ಳಗಾಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಗಾಡಿ ಬೇರೆ ಕಡೆ ಹೋಗಿದೆ, ಬರುವುದು ತಡ ಅಂದರು. ಮನೆ ಇದ್ದದ್ದು ರಸ್ತೆಯ ಕೊನೆಯಲ್ಲಿ, ಕಲ್ಲುಪುಡಿ ಮಾಡುವ ಯಂತ್ರದ ಆಚೆ. ರಜೆಯ ದಿನ ಅತ್ತ ಒಂದು ಆಟೋ ಕೂಡ ಸುಳಿಯುತ್ತಿರಲಿಲ್ಲ. ಇದ್ದದ್ದು ಈ ಜೀಪೊಂದೇ.

ತಮ್ಮ ಡ್ರಮ್ಮಿನ ಅಡಿಯ ಮಣ್ಣು ಕೆದಕಿ ಜಾಕ್ ಇಟ್ಟ. ಎಡಗೈ ಮೇಲಕ್ಕೇಳುತ್ತಿರಲಿಲ್ಲ. ಅತ್ತಿಗೆ ಎದ್ದುಬಂದು, ಅವನಿಂದ ಒಂದು ಮಾರು ದೂರವಿಟ್ಟುಕೊಂಡೇ ಚಕ್ರವನ್ನು ಉರುಳಿಸಿ ತಂದಳು. ಇಬ್ಬರೂ ಅದನ್ನು ಎತ್ತಿ ಕೂರಿಸಿದರು. ಅವನು ಒಂದೇ ಕೈಯಲ್ಲಿ ನಟ್ಟು ತೊಡಿಸಲು ಹೆಣಗುವುದನ್ನು ಕಂಡು ಅವಳೇ ನಟ್ಟುಗಳನ್ನು ತೆಗೆದುಕೊಂಡು ಒಂದೊಂದಾಗಿ ತಿರುಗಿಸಿದಳು.   ಅವನು ಸ್ಪ್ಯಾನರಿಗೆಂದು ಕೈ ಚಾಚಿದಾಗ ಅವಳ ಭುಜ ತಾನಾಗಿ ಕಿವಿಯವರೆಗೆ ಎದ್ದಿತು. ಅವನು ಕೈ ಹಿಂದೆ ತೆಗೆದ. ಅವಳೇ ಸ್ಪ್ಯಾನರನ್ನು ನೆಲದ ಮೇಲೆ ಅವನ ಕಡೆಗೆ ಜಾರಿಸಿದಳು.

ಅಣ್ಣನನ್ನು ಹಿಂದೆ ಮಲಗಿಸಿದರು. ಅತ್ತಿಗೆ ಗೋಣಿಚೀಲ ಮಡಚಿ ಅವನ ತಲೆಯಡಿ ಇಟ್ಟು, ಪಕ್ಕದಲ್ಲಿ ಕೂತಳು. ಎಡಗಡೆ ಎತ್ತರ, ಬಲಗಡೆ ತಗ್ಗು. ಜೀಪು ಒಂದು ಕಾಲು ಎಳೆದುಕೊಂಡು ನಡೆಯುವವನಂತೆ ರಸ್ತೆಗೆ ಬಿತ್ತು. ಎಡಚಕ್ರಕ್ಕೆ ಶಾಕ್ ಇರಲಿಲ್ಲ. ಪ್ರತಿ ಹಳ್ಳಕ್ಕೂ ಹೊಸ ಪಟ್ಟಿ ಗಾಡಿಯನ್ನು ಎಸೆದು, ಹಿಡಿದು, ಮತ್ತೆ ಎಸೆಯುತ್ತಿತ್ತು. ಎಸೆದಾಗಲೆಲ್ಲ ಹಿಂದಿನಿಂದ ಅಣ್ಣನ ಚೀರಾಟ. ತಮ್ಮ ಹಲ್ಲು ಕಚ್ಚಿಕೊಂಡು ಒಂದೇ ಕೈಯಲ್ಲಿ ಓಡಿಸಿದ. ಕನ್ನಡಿಯಲ್ಲಿ ಅತ್ತಿಗೆ ಕಾಣುತ್ತಿದ್ದಳು. ಅವಳು ಕನ್ನಡಿಯ ಕಡೆ ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ಅಣ್ಣನನ್ನು ಗಾಲಿಮಂಚದ ಮೇಲೆ ಒಳಗೆ ದಬ್ಬಿಕೊಂಡು ಹೋದರು. ಕೈ ಎರಡು ಕಡೆ ಮುರಿದಿದೆ, ಪಕ್ಕೆಲುಬೂ ಹೋಗಿದೆ, ಜೀವಕ್ಕೆ ಭಯವಿಲ್ಲ ಅಂದರು. ಬಿಳಿಕೂದಲಿನ ನರ್ಸೊಬ್ಬಳು ಅತ್ತಿಗೆಯನ್ನು ಸ್ಟೂಲಿನ ಮೇಲೆ ಕೂರಿಸಿ ಗಾಯ ಒರೆಸತೊಡಗಿದಳು.

"ಏನಾಯ್ತಮ್ಮ?"

"ಜಾಕ್ ಜಾರ್ತು," ಎಂದಳು ಅತ್ತಿಗೆ. ಯೋಚಿಸಲಿಲ್ಲ, ತಡವರಿಸಲಿಲ್ಲ. "ಗಾಡಿ ಅವರ ಮೇಲೆ ಬಿತ್ತು. ಹಿಡಿಯೋಕೆ ಹೋದೆ, ನಂಗೂ ತಾಗ್ತು."

ಬಾಗಿಲಲ್ಲಿ ನಿಂತಿದ್ದ ತಮ್ಮನಿಗೆ ಆ ಮಾತಿನ ಸಲೀಸು ಎದೆಗೆ ಹೊಕ್ಕಿತು. ಬಚ್ಚಲಲ್ಲಿ ಜಾರಿದೆ, ಬಾಗಿಲು ಬಡಿಯಿತು, ಕತ್ತಲೆಯಲ್ಲಿ ಕಾಣಲಿಲ್ಲ. ಇಷ್ಟು ವರ್ಷ ಅಣ್ಣನಿಗಾಗಿ ಹೇಳಿದ್ದನ್ನೇ ಈಗ ಅವಳು ಇವನಿಗಾಗಿ ಹೇಳುತ್ತಿದ್ದಳು. ದನಿಯಲ್ಲಿ ಒಂದೆಳೆಯೂ ವ್ಯತ್ಯಾಸವಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಆಯಿತು. ಸಂಜೆ ಮನೆಗೆ ಹೋಗಬಹುದು, ನಾಳೆ ಕೆಲಸಕ್ಕೂ ಹೋಗಬಹುದು.

"ಜಾಕ್ ಅಲ್ಲ," ಎಂದ. "ನಾನು ಹೊಡ್ದಿದ್ದು."

ನರ್ಸ್ ತಿರುಗಿದಳು. "ಯಾರಿಗೆ?"

"ಇಬ್ರಿಗೂ."

ಅತ್ತಿಗೆ ತಲೆ ಎತ್ತಿ ಅವನನ್ನು ನೋಡಿದಳು. ಸರಳು ಬೀಸಿದ ಮೇಲೆ ಅವಳು ಅವನ ಮುಖ ನೋಡಿದ್ದು ಅದೇ ಮೊದಲು.

ನರ್ಸ್ ಹತ್ತಿಯನ್ನು ಕೆಳಗಿಟ್ಟಳು. ಅತ್ತಿಗೆಯ ತೋಳನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದಳು. ಮೊಣಕೈ ಮೇಲೆ ಹಳದಿಗೆ ತಿರುಗಿದ ಕಲೆ, ಅದರ ಪಕ್ಕ ಇನ್ನೂ ಹಳೆಯದೊಂದು.

"ಇದೇ ಮೊದಲ ಸಲಾನಾ?"

 ಒಳಗಿನ ಕೋಣೆಯಿಂದ ಅಣ್ಣ ಅತ್ತಿಗೆಯ ಹೆಸರು ಹಿಡಿದು ಕೂಗುತ್ತಿದ್ದ. ಕೂಗು ನಿಲ್ಲುವವರೆಗೂ ಅವಳು ಕಾದಳು.

"ಇವನು ಮೊದಲ ಸಲ," ಎಂದಳು.

ನರ್ಸ್ ತನ್ನ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. "ನೀವು ಆಚೆ ಇರಿ," ಎಂದಳು ತಮ್ಮನಿಗೆ. "ಪೊಲೀಸ್‌ನೋರಿಗೆ ಡಾಕ್ಟರು ಹೇಳ್ತಾರೆ. ಎಲ್ಲೂ ಹೋಗ್ಬೇಡಿ."

"ಎಲ್ಲಿಗೂ ಹೋಗಲ್ಲ."

ನರ್ಸ್ ಪರದೆ ಎಳೆದಳು. ಒಳಗಿನಿಂದ ಅತ್ತಿಗೆಯ ದನಿ ಬರುತ್ತಿತ್ತು. ಸಣ್ಣ ದನಿ, ಏನೆಂದು ತಿಳಿಯುವಂತಿರಲಿಲ್ಲ. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಕಾವಲುಗಾರ ಬಂದು, ಆ ವಾಲಿದ ಗಾಡಿ ನಿಮ್ಮದಾ, ದಾರಿಗೆ ಅಡ್ಡ ಇದೆ, ಪಕ್ಕಕ್ಕೆ ಹಾಕಿ ಅಂದ. ತಮ್ಮ ಹೋಗಿ ಜೀಪನ್ನು ಗೋಡೆಯ ಬದಿಗೆ ನಿಲ್ಲಿಸಿದ. ಇಳಿಯುವಾಗ ಹಿಂದಿನ ತಗಡಿನ ಮೇಲೆ ಅತ್ತಿಗೆಯ ಒಂಟಿ ಚಪ್ಪಲಿ ಕಾಣಿಸಿತು. ಉಂಗುಟದ ಪಟ್ಟಿ ಕಿತ್ತುಹೋಗಿ ತಂತಿಯಲ್ಲಿ ಬಿಗಿದದ್ದು. ಅದನ್ನು ಎತ್ತಿಕೊಂಡು ಒಳಗೆ ಬಂದ.

ಪರದೆ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅದರ ಕೆಳಗೆ ಅವಳ ಪಾದಗಳು ಕಾಣುತ್ತಿದ್ದವು; ಒಂದಕ್ಕೆ ಚಪ್ಪಲಿ ಇತ್ತು, ಇನ್ನೊಂದು ತಣ್ಣನೆಯ ಕಲ್ಲುನೆಲಕ್ಕೆ ತಾಗದಂತೆ ಬೆರಳು ಮಡಚಿಕೊಂಡಿತ್ತು. ಅವನು ಬಾಗಿ ಚಪ್ಪಲಿಯನ್ನು ಪರದೆಯ ಹೊರಗೆ, ಕಾಲಿಗೆ ಸಿಗುವ ಹಾಗೆ ತಿರುಗಿಸಿ ಇಟ್ಟ. ಆಮೇಲೆ ಎದುರಿನ ಗೋಡೆಯವರೆಗೂ ಹಿಂದಕ್ಕೆ ಸರಿದು ನಿಂತ.

ಒಳಗಿನ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಬರಿಗಾಲು ಪರದೆಯ ಅಡಿಯಿಂದ ಈಚೆ ಬಂದು, ಚಪ್ಪಲಿಯನ್ನು ಮುಟ್ಟಿ ನೋಡಿ, ತೊಟ್ಟುಕೊಂಡು, ಮತ್ತೆ ಒಳಗೆ ಹೋಯಿತು.