ಗಿಡ್ಡಕ್ಕೆ ಸವರಿದ ಸಾಲು

ಗಂಡ ರೆಮಿ ಸತ್ತ ಮೇಲೆ ಬಂದ ಮೊದಲ ಜನವರಿಯಲ್ಲಿ ಗಿಲೇನ್ ಒಬ್ಬಳೇ ದ್ರಾಕ್ಷಿ ತೋಟಕ್ಕೆ ಹೋಗತೊಡಗಿದಳು. ಪ್ಯೂಪಿಯಾ ಊರಿನ ಮೇಲಿನ ಇಳಿಜಾರಿನಲ್ಲಿ ಬೂದು ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು. ಮಾವ ಒಕ್ತಾವ್ ಹೇಳಿದ್ದು ಇಷ್ಟೇ: "ಈ ಚಳಿಗಾಲ ನೀನೇ ಬಳ್ಳಿ ಸವರಿ ತೋರ್ಸು. ಆಗ್ಲಿಲ್ವೋ, ತೋಟ ಲೊಯಿಕ್‌ಗೆ." ಲೊಯಿಕ್ ಅವರ ತಮ್ಮನ ಮಗ. ತೋಟ ಕೈತಪ್ಪಿದರೆ ಗಿಲೇನ್‌ಗೆ ಆ ಊರಿನಲ್ಲಿ ಉಳಿಯಲು ಬೇರೆ ಕಾರಣವಿರಲಿಲ್ಲ.

ಅದು ಗೊತ್ತಿದ್ದರೂ ಅವಳ ಎದೆಯಲ್ಲಿ ಏನೂ ಅಲುಗುತ್ತಿರಲಿಲ್ಲ. ಬೆಳಗ್ಗೆ ಎದ್ದು, ನಿನ್ನೆಯ ಸೂಪು ಬಿಸಿಮಾಡಿ ಕುಡಿದು, ರೆಮಿಯ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಹೊರಡುವಳು. ಅದನ್ನು ದುಃಖ ಎನ್ನಬಹುದೋ ಇಲ್ಲವೋ ಅವಳಿಗೆ ತಿಳಿಯದು. ಚಳಿಗೆ ಮರಗಟ್ಟಿದ ಬೆರಳಿನ ಹಾಗೆ ಇದ್ದಳು, ಅಷ್ಟೆ.

ಬಿಳಿ ದ್ರಾಕ್ಷಿಯ ಸಾವಾನ್ಯಾ ಬಳ್ಳಿಗಳನ್ನು ಸವರಿ ಮುಗಿದು ಕೆಂಪು ದ್ರಾಕ್ಷಿಯ ಪ್ಲೂಸಾರ್ ಶುರುವಾದ ದಿನ ಮಾವ ಕೋಲೂರಿಕೊಂಡು ಹತ್ತಿ ಬಂದರು.

"ಏನಮ್ಮಾ ಬೊಜೊಲೆ ಹುಡುಗಿ, ಬದುಕಿದೀಯಾ?"

ಇಪ್ಪತ್ತು ವರ್ಷ ಸಂಸಾರ ಮಾಡಿದರೂ ತವರು ಸೀಮೆಯ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

"ಇದೀನಿ ಮಾವ."

ಸಾಲಿನ ಹತ್ತಿರ ಬಂದವರು ನಿಂತುಬಿಟ್ಟರು. "ಅಯ್ಯಯ್ಯೋ! ಇದೇನೇ ಮಾಡಿದೀಯ?"

ಗಿಲೇನ್ ತಿರುಗಿ ನೋಡಿದಳು. ಆ ತುದಿಯಿಂದ ಈ ತುದಿಯವರೆಗೆ ಬಳ್ಳಿಗಳೆಲ್ಲ ಎರಡೆರಡು ಚಿಗುರುಗಣ್ಣಿನ ಮೋಟುಗಳಾಗಿ ನಿಂತಿದ್ದವು. ಉದ್ದ ಕಡ್ಡಿಗಳೆಲ್ಲ ನೆಲದ ಮೇಲೆ. ಪ್ಲೂಸಾರ್‌ಗೆ ಬುಡದ ಕಣ್ಣುಗಳಲ್ಲಿ ಹಣ್ಣು ಬಿಡುವುದಿಲ್ಲ. ಕಡ್ಡಿಯನ್ನು ಉದ್ದ ಬಿಟ್ಟು ಬಿಲ್ಲಿನಂತೆ ಬಗ್ಗಿಸಿ ಕಟ್ಟಬೇಕು, ಆಗಲೇ ಗೊಂಚಲು. ರೆಮಿಯೇ ಕಲಿಸಿದ್ದ.

"ಗಮೇ ಅಂದ್ಕೊಂಡ್ಯೇನೇ? ನಿಮ್ಮಪ್ಪನ ತೋಟ ಅಂದ್ಕೊಂಡ್ಯಾ?"

ಅವರು ಹೇಳಿದ್ದು ಸರಿಯಾಗಿತ್ತು. ಅವಳ ತವರಿನಲ್ಲಿ ಇದ್ದದ್ದು ಗಮೇ ದ್ರಾಕ್ಷಿ ಒಂದೇ, ಅದನ್ನು ಗಿಡ್ಡಕ್ಕೆ ಸವರಬೇಕು. ಮದುವೆಗೆ ಮುಂಚೆ ಅಪ್ಪನ ಹಿಂದೆ ನಡೆದು ಕಲಿತದ್ದು. ಮನಸ್ಸು ಎಲ್ಲೂ ಇಲ್ಲದಿದ್ದಾಗ ಕೈ ತನ್ನಷ್ಟಕ್ಕೆ ಅಲ್ಲಿಗೆ ಹೋಗಿಬಿಟ್ಟಿತ್ತು.

"ಲೊಯಿಕ್‌ಗೇ ಕೊಟ್ಬಿಡಿ ಮಾವ," ಎಂದಳು. ಉಪ್ಪು ಈಚೆ ಸರಿಸಿ ಎಂದಂತಿತ್ತು ದನಿ.

ಮಾವ ಒಂದು ಮೋಟನ್ನು ಹೆಬ್ಬೆರಳಿನಿಂದ ತಡವಿದರು. ಮೂಗು ಒರೆಸಿಕೊಂಡರು.

"ಇದನ್ನೆಲ್ಲಾ ಕಿತ್ತು ಶಾರ್ದೊನೇ ಬಳ್ಳಿ ಹಾಕ್ತೀನಿ ಅಂತ ಈಗ್ಲೇ ಊರೆಲ್ಲಾ ಹೇಳ್ಕೊಂಡ್ ತಿರುಗ್ತಿದಾನೆ ಅವ್ನು. ನನ್ ಮಗ ನೆಟ್ಟಿದ್ದು."

"ಈ ವರ್ಷ ಇದ್ರಲ್ಲಿ ಹಣ್ಣಿಲ್ಲ."

"ಇಲ್ಲ. ಎಲೆ ಬೇಕಾದಷ್ಟು ಬರತ್ತೆ, ತಿನ್ನು. ಬೇಸಿಗೇಲಿ ಕಡ್ಡಿ ಉದ್ದ ಆಗತ್ತೆ. ಬರೋ ಚಳಿಗಾಲಕ್ಕೆ ನೆಟ್ಟಗೆ ಸವರು."

"ನಾನಾ?"

"ಮತ್ತಿನ್ಯಾರು? ಕೆಡಿಸಿಟ್ಟು ತವರಿಗೆ ಓಡೋಗ್ತೀನಿ ಅಂದ್ರೆ ಬಿಡ್ತೀನಾ?"

ತೋಟ ಉಳಿಯಿತು. ಸಂತೋಷವಾಗಬೇಕು ಎಂದು ಅವಳಿಗೆ ಹೊಳೆಯಿತು. ಸ್ವಲ್ಪ ಹೊತ್ತು ಕಾದಳು. ಏನೂ ಬರಲಿಲ್ಲ. ಗಾಳಿಗೆ ಕಿವಿ ನೋಯುತ್ತಿತ್ತು, ಅದೊಂದು ಮಾತ್ರ ಗೊತ್ತಾಗುತ್ತಿತ್ತು.

ಮುಂದಿನ ಸಾಲಿಗೆ ಹೋದಳು. ಮಾವ ಹಿಂದೆಯೇ ಬಂದರು. ಕತ್ತರಿ ಬಾಯಿ ತೆರೆದಾಗಲೆಲ್ಲ "ಉದ್ದ" ಎಂದರು.

"ಗೊತ್ತು ಮಾವ."

"ಗೊತ್ತಿದ್ದೇ ತಾನೇ ಅದನ್ನ ಬೋಳಿಸಿದ್ದು? ಉದ್ದ."

ಅವಳು ಉದ್ದ ಬಿಟ್ಟಳು.