ತನ್ನ ತಂಡಕ್ಕೇ ಗೋಲು ಹೊಡೆದ ಸಿಗ್ರುನ್

ವಿನಿಪೆಗ್‌ನ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದ ಸಿಗ್ರುನ್, ಎಲೆ ಉದುರುವ ಹೊತ್ತಿಗೆ ಹಾಸಿಗೆ ಹಿಡಿದಳು. ಜ್ವರವಿಲ್ಲ, ನೋವಿಲ್ಲ, ಏಳಲು ಮಾತ್ರ ಮನಸ್ಸಿಲ್ಲ. ತರಗತಿ ತಪ್ಪಿತು, ಊಟ ಸೇರದಾಯಿತು. ತಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎಂಬ ಯೋಚನೆ ತಲೆಹೊಕ್ಕು ಅಲ್ಲೇ ಬೀಡುಬಿಟ್ಟಿತು.

ಕೋಣೆಯ ಜೊತೆಗಾತಿ ಮಾರ್ಲೀಸ್ ಬಲು ಬಾಯಿಬಡುಕಿ. ಒಂದು ಮಧ್ಯಾಹ್ನ ಅವಳು ಮಂಚದ ಅಂಚಿಗೆ ಬಂದು ಕೂತಳು.

"ಸಿಗ್ಗಿ, ಸುತ್ತಿಬಳಸಿ ಕೇಳೋಕೆ ನಂಗೆ ಬರಲ್ಲ. ಸಾಯ್ಬೇಕು ಅನ್ನಿಸ್ತಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದ ಸಿಗ್ರುನ್‌ಗೆ ಸುಳ್ಳು ಹೊರಡಲಿಲ್ಲ. "ಹೂಂ" ಎಂದಳು. ಅಂದ ಮೇಲೆ ಅಳು ತಡೆಯಲಾಗಲಿಲ್ಲ.

ಮಾರ್ಲೀಸ್ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ತಬ್ಬಿಕೊಂಡು, ಅಳು ಮುಗಿಯುವವರೆಗೂ ಕೂತಿದ್ದಳು. "ಹೇಳಿದ್ದು ಒಳ್ಳೇದಾಯ್ತು. ಈಗ ಬೂಟ್ ಹಾಕ್ಕೋ, ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ. ಆಗಲ್ಲ ಅಂದ್ಯೋ, ಇಲ್ಲೇ ಕೂತು ಹಾಡ್ತೀನಿ."

ಅವಳ ಕಂಠದ ಪ್ರತಾಪ ಇಡೀ ಹಾಸ್ಟೆಲಿಗೆ ಗೊತ್ತಿತ್ತು. ಸಿಗ್ರುನ್ ಬೂಟು ಹಾಕಿಕೊಂಡಳು.

ಔಷಧಿ ಶುರುವಾಯಿತು. ವಾರವಾರ ಆಪ್ತಸಲಹೆಗಾರರೊಡನೆ ಮಾತುಕತೆ. ಹುಟ್ಟೂರು ಗಿಮ್ಲಿಯಿಂದ ಅಮ್ಮ ಬಂದು ಕೆಲವು ದಿನ ಜೊತೆಗಿದ್ದರು. ಎರಡು ಹೆಜ್ಜೆ ಮುಂದಾದರೆ ಒಂದು ಹಿಂದೆ. ಆದರೂ ಚಳಿಗಾಲ ಬಲಿಯುವಷ್ಟರಲ್ಲಿ ಊಟ ರುಚಿಸತೊಡಗಿತ್ತು.

ಹಾಸ್ಟೆಲಿನ ಹಿಂದೆ ನೀರು ಹರಿಸಿ ಹೆಪ್ಪುಗಟ್ಟಿಸಿದ ಅಂಗಳದಲ್ಲಿ ಬ್ರೂಮ್‌ಬಾಲ್ ಪಂದ್ಯ. ಪೊರಕೆಯಂಥ ಕೋಲು, ಒಂದು ಚೆಂಡು, ಜಾರುವ ಕಾಲು. ಮಾರ್ಲೀಸಳ ತಂಡಕ್ಕೆ ಒಬ್ಬಳು ಕಮ್ಮಿ ಬಿದ್ದಳು.

"ನಂಗೆ ಆಡೋಕೆ ಬರಲ್ಲ ಕಣೇ."

"ನಮಗ್ಯಾರಿಗ್ ಬರತ್ತೆ? ಬಾ!"

ಚೆಂಡು ಕಾಲಬುಡಕ್ಕೇ ಉರುಳಿ ಬಂತು. ಸಿಗ್ರುನ್ ಗಿರ್ರನೆ ತಿರುಗಿ ಓಡಿದಳು, ಜಾರಿದಳು, ಹೊಟ್ಟೆಯ ಮೇಲೆ ಸುಯ್ಯನೆ ಸಾಗಿ, ಚೆಂಡನ್ನೂ ಗೋಲು ಕಾಯುತ್ತಿದ್ದವಳನ್ನೂ ಗುಡಿಸಿಕೊಂಡು ಬಲೆಯೊಳಗೆ ಹೋಗಿ ಬಿದ್ದಳು. ತನ್ನದೇ ತಂಡದ ಬಲೆ.

"ಮನೆಹಾಳಿ! ಯಾರ ಕಡೆಯೇ ನೀನು?" ಮಾರ್ಲೀಸ್ ಕಿರುಚಿದಳು.

ಸಿಗ್ರುನ್ ಉತ್ತರಿಸಲು ಹೋದಳು, ನಗು ಉಕ್ಕಿತು. ಪಕ್ಕೆ ಹಿಡಿದುಕೊಳ್ಳುವಷ್ಟು ನಗು. ಎತ್ತಲು ಬಂದ ಮಾರ್ಲೀಸಳೂ ಜಾರಿ ಅವಳ ಮೇಲೆ ಬಿದ್ದಳು. ಎದುರು ತಂಡದವರೂ ನಕ್ಕೂ ನಕ್ಕೂ ಕುಸಿದರು.

ಹೀನಾಯವಾಗಿ ಸೋತರು. ಒಳಗೆ ಬಿಸಿ ಚಾಕಲೇಟು ಕುಡಿಯುತ್ತಾ ಮಾರ್ಲೀಸ್, "ನಾಳೆಯಿಂದ ನಿನ್ನನ್ನ ಅವರ ತಂಡಕ್ಕೇ ಕೊಟ್ಬಿಡ್ತೀನಿ, ಆಗಲಾದ್ರೂ ನಾವು ಗೆಲ್ಲಬಹುದು" ಎಂದಳು.

"ಕೊಡು ನೋಡೋಣ," ಎಂದ ಸಿಗ್ರುನ್ ಅವಳ ಲೋಟವನ್ನೂ ಎಳೆದುಕೊಂಡಳು. "ಮುಂದಿನ ಪಂದ್ಯ ಯಾವತ್ತು?"